ತೋಟಪ್ಪನವರ ರಕ್ತ ಮತ್ತು ಹುರುಳಿ ನೀರು

ಶಾಲಿನಿ ಸೊರಬದ ಹುಡುಗಿ. ಶಿಕಾರಿಪುರದ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿ, ಈಗ ಮೈಸೂರಿನ ಒಂದು ಸಂಶೋಧನಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ನಮ್ಮ ಜೀವಕೋಶಗಳ ಹೊರಮೈಯಲ್ಲಿರುವ ಪ್ರೋಟೀನುಗಳಿಗೆ ಸಕ್ಕರೆಯ ಪುಟ್ಟ ಸರಗಳು ಅಂಟಿಕೊಂಡಿರುತ್ತವೆ. ಆ ಸರಗಳನ್ನು ಬಿಡಿಸಿ, ಯಾವ ಸಕ್ಕರೆಯ ಪಕ್ಕ ಯಾವುದು ಕೂತಿದೆ ಎಂದು ಪತ್ತೆ ಮಾಡುವುದು ಅವಳ ಕೆಲಸ. ಇದನ್ನು ಮನೆಯಲ್ಲಿ ಹೇಳಲು ಹೋಗಿ ಅವಳು ಹಲವು ಸಲ ಸೋತಿದ್ದಳು. ಅವಳಪ್ಪ ಕೇಳಿದವರಿಗೆಲ್ಲ "ಸಕ್ಕರೆ ಮೇಲೆ ಓದ್ತಾ ಇದಾಳೆ" ಎಂದು ಹೇಳಿ ಮುಗಿಸುತ್ತಿದ್ದರು. ಕೇಳಿದವರು, ಮುಂದೆ ಯಾವುದಾದರೂ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಗಬಹುದು ಎಂದುಕೊಂಡು ತಲೆಯಾಡಿಸುತ್ತಿದ್ದರು.

ಹೇಳುವುದರಲ್ಲಿ ಅವಳು ಸೋಲುತ್ತಿದ್ದದ್ದು ಮನೆಯಲ್ಲಿ ಮಾತ್ರ ಅಲ್ಲ. ಅವಳ ಗೈಡ್ ಮೇಡಂ ಒಮ್ಮೆ ಬೇಸರವಿಲ್ಲದೆಯೇ ಹೇಳಿದ್ದರು: "ನಿನ್ನ ಕೆಲಸ ಚೆನ್ನಾಗಿದೆ ಶಾಲಿನಿ. ಆದರೆ ನೀನು ವಿವರಿಸೋಕೆ ಶುರು ಮಾಡಿದರೆ ನನಗೇ ಆಕಳಿಕೆ ಬರುತ್ತೆ." ಆ ಮಾತು ಅವಳಿಗೆ ಮುಳ್ಳಿನಂತೆ ಚುಚ್ಚಿಕೊಂಡೇ ಇತ್ತು. ಹಾಗಾಗಿ ರಜಕ್ಕೆ ಊರಿಗೆ ಬಂದಿದ್ದಾಗ, ಅವಳಿಗೆ ಹಿಂದೆ ರಸಾಯನಶಾಸ್ತ್ರ ಕಲಿಸಿದ್ದ ಮಹಾಂತೇಶ್ ಮೇಷ್ಟ್ರು ಫೋನ್ ಮಾಡಿ, "ನಮ್ಮ ಹುಡುಗರಿಗೆ ಒಂದು ತಾಸು ಮಾತಾಡಮ್ಮ" ಎಂದದ್ದೇ ತಡ, ಒಪ್ಪಿಕೊಂಡಳು. ಬರೀ ಮಾತಾಡಿದರೆ ಆಗುವುದಿಲ್ಲ, ಏನಾದರೂ ತೋರಿಸಬೇಕು ಎಂದು ಅಪ್ಪನ ಹೊಲದ ಹುರುಳಿಯನ್ನು ಪುಡಿ ಮಾಡಿ, ಹದವಾದ ಉಪ್ಪುನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ ಎರಡು ಬಾಟಲಿಗೆ ತುಂಬಿಕೊಂಡಳು. ಒಂದರಲ್ಲಿ ಗಟ್ಟಿ, ಇನ್ನೊಂದರಲ್ಲಿ ಮತ್ತಷ್ಟು ಉಪ್ಪುನೀರು ಬೆರೆಸಿ ತೆಳುವಾಗಿಸಿದ್ದು.

ಇತ್ತ ಶಿಕಾರಿಪುರದಲ್ಲಿ ಕಾಲೇಜಿನ ಸಭಾಂಗಣಕ್ಕೆ ಸುಣ್ಣಬಣ್ಣ ನಡೆದಿತ್ತು. ಮಹಾಂತೇಶ್ ತಮ್ಮ ಸೋದರಮಾವ ತೋಟಪ್ಪನವರ ಹತ್ತಿರ ಹೋಗಿ ಸಮುದಾಯ ಭವನ ಕೇಳಿದರು. ತೋಟಪ್ಪನವರು ಆ ಭವನದ ಕಮಿಟಿ ಅಧ್ಯಕ್ಷರು. ಸಂತೆ ಬೀದಿಯಲ್ಲಿ ಕಾಳುಕಡ್ಡಿಯ ಅಂಗಡಿ ಇಟ್ಟವರು. ಹುರುಳಿ ಅಂದರೆ ತೋಟಪ್ಪನವರ ಅಂಗಡಿ ಎಂದು ಸುತ್ತಲಿನ ಹಳ್ಳಿಯವರು ಬರುತ್ತಿದ್ದರು.

"ಭವನ ಕೊಡ್ತೀನಪ್ಪ," ಎಂದರು ತೋಟಪ್ಪನವರು. "ಆದ್ರ ಖಾಲಿ ಕುರ್ಚಿ ಮುಂದ ಆ ಹುಡುಗಿ ಕೈಲಿ ಭಾಷಣ ಮಾಡಿಸಬ್ಯಾಡ. ಜನ ಸೇರಿಸೋದು ನಂಗ ಬಿಡು."

ಮಹಾಂತೇಶ್ ಬರೆದುಕೊಟ್ಟದ್ದು "ಜೀವಕೋಶಗಳ ಮೇಲಿನ ಸಕ್ಕರೆಯ ರಚನೆಗಳು: ಒಂದು ಉಪನ್ಯಾಸ" ಎಂದು. ಅಷ್ಟು ಹಾಕಿದರೆ ಅಕ್ಷರ ಸಣ್ಣದಾಗುತ್ತದೆ ಎಂದು ಫ್ಲೆಕ್ಸ್ ಅಂಗಡಿಯವನು ರಾಗ ಎಳೆದ. ತೋಟಪ್ಪನವರು ವ್ಯಾಪಾರಸ್ಥರು, ಹೆಚ್ಚಿನದನ್ನೆಲ್ಲ ಅಲ್ಲೇ ನಿಂತು ಹೊಡೆದುಹಾಕಿಸಿದರು. ಬಸ್ ಸ್ಟ್ಯಾಂಡಿನ ಎದುರು ಮಾರನೆಯ ದಿನ ಫ್ಲೆಕ್ಸ್ ಎದ್ದು ನಿಂತಿತು: "ಸಕ್ಕರೆ ತಜ್ಞೆ ಡಾಕ್ಟರ್ ಶಾಲಿನಿ ಬರುತ್ತಿದ್ದಾರೆ. ಎಲ್ಲರೂ ಬನ್ನಿ." ಸಕ್ಕರೆ ಅಂದಮೇಲೆ ಟೆಸ್ಟೂ ಇರಬೇಕಲ್ಲ ಎಂದು ಅವರಿಗೇ ಹೊಳೆದು, ಪಕ್ಕದ ಬೀದಿಯಲ್ಲಿ ರಕ್ತಪರೀಕ್ಷೆಯ ಲ್ಯಾಬ್ ನಡೆಸುವ ನಾಗೇಶನಿಗೂ ಹೇಳಿಟ್ಟರು. ಮಹಾಂತೇಶ್ ಪರೀಕ್ಷೆಯ ಪೇಪರ್ ತಿದ್ದುವುದರಲ್ಲಿ ಮುಳುಗಿದ್ದರು. ಬಸ್ ಸ್ಟ್ಯಾಂಡಿನ ಕಡೆ ಹೋಗಿರಲೇ ಇಲ್ಲ.

ಶಾಲಿನಿ ಬೆಳಗಿನ ಬಸ್ಸಿಗೆ ಬಂದಿಳಿದು ಭವನದ ಹತ್ತಿರ ಹೋದರೆ ಬಾಗಿಲಲ್ಲಿ ಚಪ್ಪಲಿಯ ರಾಶಿ. ಕಾಲೇಜು ಹುಡುಗರ ಚಪ್ಪಲಿ ಅಲ್ಲ, ಸವೆದ ಹಿಮ್ಮಡಿಯ, ಹೊಲಿಗೆ ಹಾಕಿದ ಚಪ್ಪಲಿಗಳು. ಒಳಗೆ ಇಣುಕಿದಳು. ಮೊದಲ ಸಾಲಿನಿಂದ ಹಿಂದಿನ ಕಿಟಕಿಯವರೆಗೂ ಅಜ್ಜಂದಿರು, ಅಜ್ಜಿಯರು, ತಲೆ ನರೆತ ಮೇಷ್ಟ್ರುಗಳು. ಎಲ್ಲರ ಮಡಿಲಲ್ಲೂ ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರೆ, ರಿಪೋರ್ಟು. ಕಾಲೇಜಿನ ಏಳೆಂಟು ಮಕ್ಕಳು ಕೂರಲು ಜಾಗವಿಲ್ಲದೆ ಗೋಡೆಗೆ ಒರಗಿ ನಿಂತಿದ್ದರು.

"ಸರ್, ಇವರೆಲ್ಲ ಯಾರು?" ಎಂದು ಮಹಾಂತೇಶರನ್ನು ಕೇಳಿದಳು.

"ನನಗೂ ಈಗಷ್ಟೇ ಗೊತ್ತಾಯ್ತಮ್ಮ," ಎಂದರು ಅವರು. ಮುಖ ಬಿಳಿಚಿಕೊಂಡಿತ್ತು. "ಶಿಕಾರಿಪುರದ ಶುಗರ್ ಪೇಶೆಂಟ್‌ಗಳು. ಖಾಲಿ ಹೊಟ್ಟೆಯಲ್ಲಿ ಬಂದಿದಾರಂತೆ."

ವಾಪಸ್ ಬಸ್ ಹಿಡಿಯಬಹುದಾ ಎಂದು ಶಾಲಿನಿ ಒಂದು ಗಳಿಗೆ ಯೋಚಿಸಿದಳು. ಅಷ್ಟರಲ್ಲಿ ತೋಟಪ್ಪನವರು ಬಿಳಿ ಅಂಗಿ ಪಂಚೆಯಲ್ಲಿ ಬಂದು, "ಬರ್ರಿ ಡಾಕ್ಟ್ರೇ," ಎಂದು ಅವಳ ಕೈಗೆ ಮೈಕು ಕೊಟ್ಟೇಬಿಟ್ಟರು.

ಅವಳು ಸುಳ್ಳು ಹೇಳಲು ಹೋಗಲಿಲ್ಲ. "ಎಲ್ರಿಗೂ ನಮಸ್ಕಾರ. ನೀವು ಅಂದ್ಕೊಂಡಿರೋ ಡಾಕ್ಟರ್ ನಾನಲ್ಲ," ಎಂದಳು. "ಕಾಯಿಲೆ ನೋಡೋದು ನಂಗೆ ಬರಲ್ಲ. ಮಾತ್ರೆ ಬರೆದುಕೊಡೋಕೂ ಬರಲ್ಲ. ನಾನು ಓದ್ತಾ ಇರೋದು ಬೇರೆ ಸಕ್ಕರೆ."

ಎರಡನೆಯ ಸಾಲಿನಲ್ಲಿದ್ದ ಪರಮಶಿವಪ್ಪ ಎದ್ದು ನಿಂತರು. ಅವರು ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಇಂದಿಗೂ ಎಲ್ಲರಿಗೂ ಕೇಳಿಸುವಂತೆ ಮಾತಾಡುವ ರೂಢಿ.

"ಬ್ಯಾರೆ ಸಕ್ಕರಿ ಅಂದ್ರ ಯಾವ್ದವ್ವ? ಬೆಲ್ಲನಾ?"

"ಬೆಲ್ಲ ಅಲ್ಲ ಅಜ್ಜಾರೆ. ನಮ್ಮ ರಕ್ತದ ಕಣದ ಮೇಲೆ ಇರ್ತದಲ್ಲ, ಅದು."

"ನಾವೂ ಅದುಕ್ಕೇ ಬಂದೀವಲ್ಲ," ಎಂದರು ಪರಮಶಿವಪ್ಪ, ಕೂರುತ್ತಾ. "ರಕ್ತದಾಗ ಸಕ್ಕರಿ ಐತಿ ಅಂತ್ಲೇ."

ಜನ ನಕ್ಕರು. ಆದರೆ ಆ ನಗುವಿನಲ್ಲಿ ಹಸಿವು ಇತ್ತು. ತೋಟಪ್ಪನವರಿಗೆ ತಮ್ಮ ಮಾನ ಹೋಗುವುದು ಕಣ್ಣಿಗೆ ಕಾಣುತ್ತಿತ್ತು. ಅವರು ಮೈಕು ಇಸಕೊಂಡು, "ಯಾರೂ ಏಳಬ್ಯಾಡ್ರಿ. ನಾಗೇಶ ಬಂದಾನ, ಎಲ್ರಿಗೂ ಸಕ್ಕರಿ ನೋಡ್ತಾನ. ಆಮ್ಯಾಲ ಉಪ್ಪಿಟ್ಟು ಐತಿ. ಆಮ್ಯಾಲ ಈ ಹುಡುಗಿ ಏನ್ ಹೇಳ್ತಾಳೋ ಕೇಳೋಣ," ಎಂದರು. ಉಪ್ಪಿಟ್ಟಿನ ಏರ್ಪಾಡು ಆಗಿರಲಿಲ್ಲ. ಮೈಕು ಇಟ್ಟವರೇ ಹೊರಗೆ ಹೋಗಿ ಹೋಟೆಲಿಗೆ ಫೋನ್ ಹಚ್ಚಿದರು.

ನಾಗೇಶ ಮೂಲೆಯಲ್ಲಿ ಮೇಜು ಹಾಕಿಕೊಂಡು ಒಬ್ಬೊಬ್ಬರ ಬೆರಳಿಗೂ ಹೊಸ ಸೂಜಿ ಚುಚ್ಚಿ, ಹನಿ ರಕ್ತ ತೆಗೆದು, ಸಕ್ಕರೆ ಎಷ್ಟಿದೆ ಎಂದು ಹೇಳತೊಡಗಿದ. ಮೊದಲು ಕೈ ಚಾಚಿದವರು ತೋಟಪ್ಪನವರ ಹೆಂಡತಿ ರಾಜೇಶ್ವರಮ್ಮ. ಅವರದು ಜಾಸ್ತಿ ಬಂತು. ಹಿಂದೆಯೇ ನಿಂತಿದ್ದ ತೋಟಪ್ಪನವರದು ಸರಿಯಾಗಿ ಬಂತು.

"ನೋಡ್ರಿ," ಎಂದು ತೋಟಪ್ಪನವರು ಸುತ್ತಲಿನವರಿಗೆ ಹೇಳಿದರು. "ನಂದು ಎ ಪಾಸಿಟಿವ್. ಶುದ್ಧ ರಕ್ತ. ಎಷ್ಟ್ ಮಂದಿಗೆ ಕೊಟ್ಟೀನಿ. ಇವತ್ತಿಗೂ ಒಂದು ಮಾತ್ರಿ ನುಂಗಿಲ್ಲ."

"ಗುಳಿಗಿ ನುಂಗಿಲ್ಲ, ನನ್ನ ತಲಿ ನುಂಗೀರಿ," ಎಂದು ರಾಜೇಶ್ವರಮ್ಮ ಬೆರಳಿಗೆ ಹತ್ತಿ ಒತ್ತಿಕೊಂಡು ಪಕ್ಕಕ್ಕೆ ಬಂದರು.

ಶಾಲಿನಿ ಅಲ್ಲೇ ನಿಂತಿದ್ದಳು. ಉಪ್ಪಿಟ್ಟು ತಿಂದವರೆಲ್ಲ ಎದ್ದು ಹೋಗುತ್ತಾರೆ, ಮೈಕು ಹಿಡಿದು ಕಂಪ್ಯೂಟರಿನ ಚಿತ್ರ ತೋರಿಸಿದರೆ ಒಬ್ಬರೂ ಉಳಿಯುವುದಿಲ್ಲ ಎಂದು ಅವಳಿಗೆ ಖಚಿತವಾಗಿತ್ತು. ಹೇಗೂ ಎಲ್ಲರ ಬೆರಳಲ್ಲೂ ಒಂದೊಂದು ತೂತು ಬೀಳುತ್ತಿದೆ.

"ಅಮ್ಮಾ, ಇನ್ನೊಂದು ಹನಿ ರಕ್ತ ಕೊಡ್ತೀರಾ?" ಎಂದು ರಾಜೇಶ್ವರಮ್ಮನನ್ನು ಕೇಳಿದಳು.

"ಅದೇ ತೂತಿನಾಗ ತಗಳಾದಾದ್ರ ಎಷ್ಟಾರ ತಗ. ಹೊಸಾದು ಮಾಡಬ್ಯಾಡ."

"ನಿಮ್ಮ ಗುಂಪು ಯಾವುದು?"

"ನಂದೂ ಎ ಅಂತ. ಅವರಿಗೂ ನನಗೂ ಕೂಡಿರೋದು ಅದೊಂದೇ."

ಶಾಲಿನಿ ಆ ಹನಿಯನ್ನು ನಾಗೇಶನಿಂದ ಪಡೆದ ಸಲೈನಿನಲ್ಲಿ ಕದಡಿದಳು. ಗೋಡೆಗೆ ಹಾಕುವ ಬಿಳಿ ಟೈಲ್ಸಿನ ತುಂಡೊಂದನ್ನು ತಂದಿದ್ದಳು. ಅದರ ಮೇಲೆ ಕೆಂಪು ನೀರಿನ ಒಂದು ಹನಿ ಬಿಟ್ಟು, ತೆಳು ಬಾಟಲಿಯಿಂದ ಹುರುಳಿ ನೀರಿನ ಹನಿ ಸೇರಿಸಿ, ಟೈಲ್ಸನ್ನು ಅತ್ತಿತ್ತ ವಾಲಿಸಿದಳು. ಸ್ವಲ್ಪ ಹೊತ್ತಿಗೆ ನುಣ್ಣಗಿದ್ದ ಕೆಂಪು ಒಡೆದ ಹಾಲಿನ ಹಾಗೆ ತರಿತರಿಯಾಯಿತು. ಕೆಂಪು ರವೆ, ನಡುವೆ ತಿಳಿನೀರು.

"ಏನಾತು ಇದುಕ್ಕ?" ಎಂದರು ರಾಜೇಶ್ವರಮ್ಮ.

"ಹುರುಳಿ ನಿಮ್ಮ ರಕ್ತಾನ ಹಿಡ್ಕೊಂಡಿತು."

"ಯಾವ ಹುರುಳಿ?"

"ತಿನ್ನೋ ಹುರುಳಿನೇ."

ಅಷ್ಟಕ್ಕೆ ಮೇಜಿನ ಸುತ್ತ ಜನ ಮುತ್ತಿಕೊಂಡರು. ಹೋಟೆಲಿನ ಉಪ್ಪಿಟ್ಟೂ ಬಂದಿತ್ತು, ತಟ್ಟೆ ಕೈಯಲ್ಲಿ ಹಿಡಿದೇ ಬಂದರು. ಶಾಲಿನಿಯ ಕಣ್ಣು ಆಗ ರಾಜೇಶ್ವರಮ್ಮನ ಸೆರಗಿನ ಮೇಲೆ ಬಿತ್ತು. ಅಂಚಿಗೆ ಒತ್ತೊತ್ತಾಗಿ ಕಟ್ಟಿದ ಕುಚ್ಚು, ಪ್ರತಿ ಕುಚ್ಚಿಗೂ ಮಣಿ. "ಇದು ನೀವೇ ಕಟ್ಟಿದ್ದಾ?" ಎಂದು ಕೇಳಿದಳು.

"ಮತ್ಯಾರು ಕಟ್ತಾರ? ಊರಿನ ಅರ್ಧ ಸೀರಿಗೆ ನಾನೇ ಕುಚ್ಚು ಹಾಕಿರಾದು."

"ಹಾಗಾದರೆ ಕೇಳಿ ಅಮ್ಮ. ರಕ್ತದ ಕಣ ಅಂದ್ರೆ ಒಂದು ಸೀರೆ ಅಂದ್ಕಳಿ. ಅದರ ಮೈಮೇಲೆಲ್ಲ ಇಂಥಾ ಕುಚ್ಚು ಜೋತುಬಿದ್ದಿರ್ತವೆ. ಕುಚ್ಚಲ್ಲಿ ದಾರದ ಬದಲು ಸಕ್ಕರೆ. ಒಂದಕ್ಕೊಂದು ಪೋಣಿಸಿದ ಸಕ್ಕರೆ ಮಣಿ. ಎ ಗುಂಪಿನವರಿಗೆ ತುದಿಗೆ ಒಂದು ಥರದ ಮಣಿ. ಬಿ ಗುಂಪಿನವರಿಗೆ ಇನ್ನೊಂದು ಥರ. ಎಬಿಯವರಿಗೆ ಎರಡೂ ಥರ. ಓ ಗುಂಪಿನವರಿಗೆ ಆ ಕೊನೇ ಮಣಿ ಹಾಕಿರೋದೇ ಇಲ್ಲ."

"ಅಂದ್ರ ಸೀರಿ ಎಲ್ಲಾರ್ದೂ ಒಂದೇ. ಕುಚ್ಚಿನ ತುದಿ ಬ್ಯಾರೆ."

"ಅಷ್ಟೇ. ಹುರುಳಿ ಒಳಗೆ ಒಂದು ಪ್ರೋಟೀನ್ ಇದೆ. ಅದಕ್ಕೆ ಎ ಮಣಿ ಕಂಡರೆ ಸಾಕು, ಹಿಡಿದು ಬಿಡಲ್ಲ. ಒಂದು ಕೈಯಲ್ಲಿ ಈ ಕಣ, ಇನ್ನೊಂದು ಕೈಯಲ್ಲಿ ಪಕ್ಕದ ಕಣ. ಹಿಂಗೆ ಎಲ್ಲಾ ಸೇರಿ ಗಂಟು."

ರಾಜೇಶ್ವರಮ್ಮ ತಮ್ಮ ಸೆರಗನ್ನು ಎತ್ತಿ ಒಮ್ಮೆ ನೋಡಿಕೊಂಡರು. "ಈ ಮಣಿ ಸಕ್ಕರಿ, ಹೋಳ್ಗಿ ತಿಂದ್ರ ಹೆಚ್ಚಾಗ್ತೈತನು?"

"ಇಲ್ಲ ಅಮ್ಮ. ಅದನ್ನ ಹೆಂಗೆ ಕಟ್ಟಬೇಕು ಅನ್ನೋದು ಹುಟ್ಟುವಾಗಲೇ ತೀರ್ಮಾನ. ಏನು ತಿಂದರೂ ಬದಲಾಗಲ್ಲ."

"ಸದ್ಯ. ಇದೊಂದು ಸಕ್ಕರಿ ಹೆಸರಾಗ ನನ್ನನ್ನ ಯಾರೂ ಬೈಯಂಗಿಲ್ಲ."

ಆಮೇಲೆ ಶಾಲಿನಿಗೆ ಉಸಿರಾಡಲೂ ಪುರುಸೊತ್ತು ಸಿಗಲಿಲ್ಲ. ಎಲ್ಲರಿಗೂ ತಮ್ಮ ರಕ್ತ ಹುರುಳಿಗೆ ಸಿಗುತ್ತದೋ ಇಲ್ಲವೋ ನೋಡುವ ಆಸೆ. ಗೋಡೆಗೆ ಒರಗಿದ್ದ ಹುಡುಗಿಯರನ್ನು ಕರೆದು ಹನಿ ಕದಡುವ ಕೆಲಸ ಕೊಟ್ಟಳು. ಮಹಾಂತೇಶ್ ಟೈಲ್ಸ್ ತೊಳೆದುಕೊಡಲು ನಿಂತರು. ಹುರುಳಿ ಹಿಡಿದವರು ಕಿಟಕಿಯ ಕಡೆ, ಹಿಡಿಯದವರು ಬಾಗಿಲ ಕಡೆ ತಾವಾಗಿಯೇ ಗುಂಪು ಕಟ್ಟಿಕೊಂಡರು. ಅಣ್ಣ ತಮ್ಮ ಇಬ್ಬರು ಬೇರೆ ಬೇರೆ ಕಡೆ ಬಿದ್ದು, ಆಸ್ತಿ ಪಾಲಾದಾಗಲೂ ಇಷ್ಟು ದೂರ ಕೂತಿರಲಿಲ್ಲ ಎಂದು ಯಾರೋ ಹೇಳಿದ್ದಕ್ಕೆ ಭವನವೆಲ್ಲ ನಕ್ಕಿತು. ಪರಮಶಿವಪ್ಪನವರದು ಓ. ಅವರಿಗೆ ಹುರುಳಿ ಅಂಟಲಿಲ್ಲ. "ನನ್ನನ್ನ ಯಾರೂ ಹಿಡಿಯಂಗಿಲ್ಲ ಬಿಡವ್ವ," ಎನ್ನುತ್ತ ಬಾಗಿಲ ಕಡೆ ಹೋಗಿ ಕೂತರು.

ಕೊನೆಗೆ ತೋಟಪ್ಪನವರು ತೋಳು ಮಡಿಸಿಕೊಂಡು ಬಂದರು. "ನಂದು ಹಿಡೀಲೇಬೇಕು. ಎ ಪಾಸಿಟಿವ್," ಎಂದು ಬೆರಳು ಚಾಚಿದರು.

ಹನಿಗೆ ಹನಿ ಸೇರಿತು. ಶಾಲಿನಿ ಟೈಲ್ಸ್ ವಾಲಿಸಿದಳು. ಕೆಂಪು ನುಣ್ಣಗೆ ಹಾಗೇ ಹರಿದಾಡಿತು. ಇನ್ನೂ ಸ್ವಲ್ಪ ಹೊತ್ತು ವಾಲಿಸಿದಳು. ಏನೂ ಆಗಲಿಲ್ಲ.

"ಇನ್ನೊಂದ್ಸಲ ನೋಡು," ಎಂದರು ತೋಟಪ್ಪನವರು.

ಇನ್ನೊಂದು ಸಲವೂ ಅಷ್ಟೇ. ರಾಜೇಶ್ವರಮ್ಮ ಕಿಟಕಿಯ ಕಡೆಯಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದರು.

"ಈ ಹುರುಳಿ ಎಲ್ಲೀದು?" ಎಂದು ತೋಟಪ್ಪನವರು ಕೇಳಿದರು.

"ಸೊರಬದ್ದು. ನಮ್ಮ ಹೊಲದ್ದೇ."

"ಅದಾ ಮತ್ತ. ಸೊರಬದಾಗ ಭತ್ತ ಬೆಳೀರಿ, ಅಡಿಕಿ ಬೆಳೀರಿ, ಬ್ಯಾಡ ಅನ್ನಂಗಿಲ್ಲ. ಹುರುಳಿ ನಿಮಗ ಬರಂಗಿಲ್ಲ. ಇದು ಕಸುವಿಲ್ಲದ ಹುರುಳಿ. ನನ್ನ ಅಂಗಡೀದು ತಂದು ನೋಡು."

ಶಾಲಿನಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲ ಕಡೆಯಿಂದ ಪರಮಶಿವಪ್ಪನವರ ದನಿ ಕೇಳಿಸಿತು. "ನಂದೊಂದು ಡೌಟು. ಹುರುಳಿ ರಕ್ತಾನ ಹಿಂಗ ಗಂಟು ಹಾಕತೈತಿ ಅಂದ್ರ, ಹುರುಳಿ ಸಾರು ಉಂಡೋರ ಗತಿ ಏನು? ಒಳಗೂ ಹಿಂಗೇ ಗಂಟು ಬೀಳ್ತೈತಾ?"

ಕಿಟಕಿಯ ಕಡೆಯವರೆಲ್ಲ ಒಮ್ಮೆಲೇ ತಮ್ಮ ಹೊಟ್ಟೆ ನೋಡಿಕೊಂಡರು. ಒಬ್ಬಾಕೆ ನಿನ್ನೆ ರಾತ್ರಿ ಹುರುಳಿ ಕಟ್ಟು ಉಂಡಿದ್ದಾಗಿ ಸಣ್ಣ ದನಿಯಲ್ಲಿ ಹೇಳಿದಳು. ಇನ್ನೊಬ್ಬರು, ಇನ್ನು ಮನೆಗೆ ಹುರುಳಿ ತರುವುದೇ ಬೇಡ ಎಂದರು.

ತೋಟಪ್ಪನವರ ಮುಖ ನೋಡುವಂತಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅಟ್ಟದವರೆಗೆ ಹುರುಳಿ ಚೀಲ ಪೇರಿಸಿದ್ದರು. ಅವರು ಒಂದೇ ಹೆಜ್ಜೆಗೆ ಶಾಲಿನಿಯ ಪಕ್ಕ ಬಂದು ನಿಂತು, "ಹುರುಳಿ ಏನೂ ಮಾಡಂಗಿಲ್ರಿ. ಸೊರಬದ ಹುರುಳಿನೂ ಚಲೋ ಹುರುಳಿನೇ. ಹೇಳವ್ವ ನೀನು, ಇವರಿಗೆ ಹೇಳು," ಎಂದರು.

"ಹೇಳೋದು ಬೇಡ, ತೋರಿಸ್ತೀನಿ," ಎಂದಳು ಶಾಲಿನಿ. "ಸರ್, ಒಂದು ಸ್ಟೌವ್ ಸಿಗ್ತದಾ?"

ಉಪ್ಪಿಟ್ಟು ತಂದ ಹೋಟೆಲಿನವರ ಸ್ಟೌವ್ ಹಿತ್ತಿಲಲ್ಲಿತ್ತು. ಶಾಲಿನಿ ಅದೇ ಬಾಟಲಿಯ ಹುರುಳಿ ನೀರನ್ನು ಲೋಟಕ್ಕೆ ಸುರಿದು, ಎಲ್ಲರೂ ನೋಡುತ್ತಿರುವಂತೆಯೇ ಕುದಿಸಿದಳು. ಅದು ಬೆಳ್ಳಗೆ ಕದಡಿಕೊಂಡು, ಹುರುಳಿ ಸಾರಿನ ಘಮ ಬಂತು. ತಣ್ಣಗಾಗಲು ಬಿಟ್ಟು, ಸೋಸಿ, ಮತ್ತೆ ಟೈಲ್ಸಿನ ಮೇಲೆ ಹನಿ ಹಾಕಿದಳು. ಮೊದಲು ರಾಜೇಶ್ವರಮ್ಮನದು. ರಕ್ತ ನುಣ್ಣಗೆ ಹರಿದಾಡಿತು, ಒಂದು ತರಿಯೂ ಕಾಣಲಿಲ್ಲ. ಕಿಟಕಿಯ ಕಡೆಯ ಇನ್ನೂ ನಾಲ್ಕಾರು ಜನರದು ನೋಡಿದಳು. ಯಾರನ್ನೂ ಹಿಡಿಯಲಿಲ್ಲ.

"ಕುದಿಸಿದರೆ ಆ ಪ್ರೋಟೀನಿನ ಆಕಾರ ಕೆಡ್ತದೆ, ಹಿಡಿಯೋ ಶಕ್ತಿ ಹೋಗ್ತದೆ," ಎಂದಳು. "ಚೆನ್ನಾಗಿ ಬೇಯಿಸಿ ಉಣ್ಣಿ. ಹಸಿ ಹುರುಳಿ ಹಿಟ್ಟನ್ನ ಯಾರೂ ತಿನ್ನಲ್ಲವಲ್ಲ."

"ಕೇಳಿದ್ರಿಲ್ಲ," ಎಂದು ತೋಟಪ್ಪನವರು ಮೈಕಿಲ್ಲದೆಯೇ ಭವನಕ್ಕೆಲ್ಲ ಹೇಳಿದರು. ಲೋಟದಲ್ಲಿ ಉಳಿದಿದ್ದ ಹುರುಳಿ ನೀರನ್ನು ಎತ್ತಿ ಎಲ್ಲರೆದುರು ಗಟಗಟ ಕುಡಿದೂಬಿಟ್ಟರು. ಉಪ್ಪು ಜಾಸ್ತಿ ಎಂದು ಮುಖ ಕಿವುಚಿದರು.

ಗದ್ದಲ ಇಳಿದ ಮೇಲೆ ಅವರು ಶಾಲಿನಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಈ ಸಲ ದನಿ ಸಣ್ಣದಾಗಿತ್ತು. "ಅಲ್ಲವ್ವ, ನಂದ್ಯಾಕ ಹಿಡೀಲಿಲ್ಲ? ಇಷ್ಟು ವರ್ಷ ಎ ಅಂತ ಹೇಳ್ಕೆಂಡು ತಿರುಗಾಡೀನಿ. ಸುಳ್ಳಾ ಅದು?"

"ಸುಳ್ಳಲ್ಲ ಮಾವ. ಎ ಗುಂಪಿನಲ್ಲೇ ಎರಡು ಬಗೆ ಇದೆ. ಎ-ಒನ್, ಎ-ಟೂ ಅಂತ. ಎ-ಟೂ ಅವರಿಗೂ ಅದೇ ಮಣಿ ಇರ್ತದೆ, ಆದರೆ ಕಡಿಮೆ. ತೆಳು ನೀರಿಗೆ ಅದು ಸಿಗಲ್ಲ." ಅವಳು ಗಟ್ಟಿ ಬಾಟಲಿ ತೆಗೆದಳು. "ಇದರಲ್ಲಿ ನೋಡೋಣ."

ಇಬ್ಬರೂ ಟೈಲ್ಸಿನ ಮೇಲೆ ಬಗ್ಗಿದರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅಂಚಿನಲ್ಲಿ ಒಂದೆರಡು, ನಡುವೆ ಒಂದೆರಡು, ಸಾಸಿವೆಗಿಂತ ಸಣ್ಣ ಕೆಂಪು ತರಿಗಳು ಕಾಣಿಸಿದವು.

"ಬಂತು," ಎಂದರು ತೋಟಪ್ಪನವರು, ಪಿಸುಮಾತಿನಲ್ಲಿ. ಆಮೇಲೆ ಎದ್ದು ನಿಂತು, "ಬರ್ರಿ, ಎಲ್ರೂ ಬಂದು ನೋಡ್ರಿ. ನನಗೂ ಹಿಡದೈತಿ," ಎಂದು ಕರೆದರು.

ರಾಜೇಶ್ವರಮ್ಮ ಎಲ್ಲರಿಗಿಂತ ಮೊದಲು ಬಂದು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇಷ್ಟೇನಾ?" ಎಂದರು. "ನಿಮಗ ಕುಚ್ಚು ಕಟ್ಟಿದೋರು ಅರ್ಧಕ್ಕೇ ಮಣಿ ಮುಗಿಸ್ಯಾರ."

"ಎ-ಟೂ ಜನ ಕಮ್ಮಿ ಇರ್ತಾರ, ಅಲ್ಲೇನವ್ವ?" ಎಂದು ತೋಟಪ್ಪನವರು ಶಾಲಿನಿಯ ಮುಖ ನೋಡಿದರು.

"ಹೌದು ಮಾವ. ನಮ್ಮ ಕಡೆ ಬಹಳ ಕಮ್ಮಿ."

"ಕೇಳಿಸ್ತಾ?" ಎಂದು ಅವರು ಹೆಂಡತಿಯ ಕಡೆ ತಿರುಗಿದರು. ಆ ಗಳಿಗೆಯಿಂದ ಶಿಕಾರಿಪುರದಲ್ಲಿ ಎ-ಟೂ ಎಂಬುದು ಒಂದು ದೊಡ್ಡಸ್ತಿಕೆಯ ವಿಷಯವಾಯಿತು. ಮುಂದಿನ ವಾರ ಅಂಗಡಿಗೆ ಬಂದವರು "ಎ-ಒನ್ ಹುರುಳಿ ಐತಾ, ಎ-ಟೂನಾ?" ಎಂದು ತಮಾಷೆ ಮಾಡಿದರೆ, ಅವರು ಸ್ವಲ್ಪವೂ ನಗದೆ ಒಳ್ಳೆಯ ಹುರುಳಿಯನ್ನೇ ತೂಗಿ ಕೊಡುತ್ತಿದ್ದರಂತೆ.

ಮಧ್ಯಾಹ್ನ ಶಾಲಿನಿಯನ್ನು ಸೊರಬದ ಬಸ್ಸಿಗೆ ಹತ್ತಿಸಲು ರಾಜೇಶ್ವರಮ್ಮನೂ ಬಂದರು. ಬಸ್ ಇನ್ನೂ ಹೊರಟಿರಲಿಲ್ಲ. ಕಿಟಕಿಯ ಹತ್ತಿರ ನಿಂತು ಅವರು, ಬೆಳಗಿನಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದದ್ದನ್ನು ಕೇಳಿದರು.

"ಆ ಮಣಿ ಯಾಕಿರಾದು ಶಾಲಿನಿ? ಅದರ ಉಪಯೋಗ ಏನು?"

ಶಾಲಿನಿ ಉತ್ತರಕ್ಕೆ ಬಾಯಿ ತೆರೆದಳು. ಬೇರೆ ಬೇರೆ ಸಕ್ಕರೆ ಸರಗಳ ಉಪಯೋಗ ಅವಳಿಗೆ ಗೊತ್ತಿತ್ತು. ಒಂದು ಕೋಶ ಇನ್ನೊಂದನ್ನು ಗುರುತು ಹಿಡಿಯುವುದು, ಪ್ರೋಟೀನು ಸರಿಯಾಗಿ ಮಡಚಿಕೊಳ್ಳುವುದು, ಹೀಗೆ. ಆದರೆ ರಕ್ತದ ಕಣದ ಆ ಕೊನೆಯ ಮಣಿ? ಅದಿಲ್ಲದ ಪರಮಶಿವಪ್ಪ, ಶುಗರ್ ಒಂದು ಬಿಟ್ಟರೆ, ಗಟ್ಟಿಮುಟ್ಟಾಗಿದ್ದಾರೆ.

"ಗೊತ್ತಿಲ್ಲ ಅಮ್ಮ," ಎಂದಳು. "ನಂಗೆ ಮಾತ್ರ ಅಲ್ಲ, ಸರಿಯಾಗಿ ಇನ್ನೂ ಯಾರಿಗೂ ಗೊತ್ತಿಲ್ಲ."

"ಇಷ್ಟು ದಿನ ಅದನ್ನೇ ನೋಡ್ಕೆಂತ ಕುಂತೀಯ, ಯಾಕಂತ ಕೇಳಲಿಲ್ಲೇನು?" ಎಂದರು ರಾಜೇಶ್ವರಮ್ಮ. ಬೈದ ಹಾಗಿರಲಿಲ್ಲ, ನಿಜಕ್ಕೂ ಆಶ್ಚರ್ಯಪಟ್ಟಿದ್ದರು.

ಬಸ್ ಹೊರಟಿತು. ಶಾಲಿನಿ ಕಿಟಕಿಯಿಂದ ಕೈ ಬೀಸಿದಳು. ಮೊದಮೊದಲು ಪಿಎಚ್.ಡಿ.ಗೆ ಸೇರಿದಾಗ ಈ ಪ್ರಶ್ನೆ ತನಗೂ ಇತ್ತು ಎಂದು ನೆನಪಾಯಿತು. ಆಮೇಲೆ ಯಂತ್ರ ಕೆಟ್ಟಿತು, ಮಾದರಿ ಹಾಳಾಯಿತು, ವರದಿಯ ದಿನ ಹತ್ತಿರ ಬಂತು. ಯಾವುದರ ಪಕ್ಕ ಯಾವುದಿದೆ ಎಂದು ನೋಡುವುದರಲ್ಲಿ, ಯಾಕಿದೆ ಎಂಬುದು ಎಲ್ಲೋ ಕಳೆದುಹೋಗಿತ್ತು. ಸೊರಬ ಬರುವವರೆಗೂ ಅವಳು ಅದನ್ನೇ ಯೋಚಿಸಿದಳು. ಯೋಚಿಸುತ್ತಿದ್ದಾಳೆ ಎಂಬುದೇ ಅವಳಿಗೆ ಖುಷಿ ಕೊಟ್ಟಿತು.

ಮೈಸೂರಿಗೆ ಹೋದ ದಿನ ಗೈಡ್ ಮೇಡಂ ಕೋಣೆಗೆ ಹೋಗಿ, ಕೂರುವ ಮೊದಲೇ ಕೇಳಿದಳು: "ಮೇಡಂ, ಎ ಗುಂಪಿನವರ ಆ ಕೊನೆಯ ಸಕ್ಕರೆ ಯಾಕಿದೆ?"

ಮೇಡಂ ತಲೆಯೆತ್ತಿ ಅವಳನ್ನು ನೋಡಿದರು. ಬಿಡಿಸಿಟ್ಟಿದ್ದ ಕಾಗದಗಳನ್ನು ಪಕ್ಕಕ್ಕೆ ಸರಿಸಿ, "ಕೂತ್ಕೋ," ಎಂದರು. ಇಬ್ಬರೂ ಮಾತಾಡುತ್ತ ಕೂತು, ಕ್ಯಾಂಟೀನಿನಲ್ಲಿ ಊಟ ಮುಗಿದುಹೋದದ್ದೂ ಗೊತ್ತಾಗಲಿಲ್ಲ. ಅಷ್ಟು ಹೊತ್ತಿನಲ್ಲಿ ಮೇಡಂ ಒಮ್ಮೆಯೂ ಆಕಳಿಸಲಿಲ್ಲ.